ಚಿಹಾಯಾಫುರು ನೋಡಿ ಕರುತಾ ಕಲಿಯಬೇಕು ಅನ್ನುವವರಿಗೆ: ಎಲ್ಲಿಂದ ಶುರು, ಎಲ್ಲಿ ಎಚ್ಚರ

ಸುಎತ್ಸುಗು ಯುಕಿ ಅವರ ‘ಚಿಹಾಯಾಫುರು’ ಮಾಂಗಾ (ಜಪಾನಿ ಚಿತ್ರಕಥೆ) ‘ಬಿ ಲವ್’ ಪತ್ರಿಕೆಯಲ್ಲಿ 2007ರ ಕೊನೆಯಿಂದ 2022ರವರೆಗೆ ಬಂತು. ಒಟ್ಟು 50 ಸಂಪುಟ. ಮ್ಯಾಡ್‌ಹೌಸ್ ಸ್ಟುಡಿಯೊ ಮಾಡಿದ ಅನಿಮೆ (ಆನಿಮೇಷನ್ ಸರಣಿ) 2011, 2013 ಮತ್ತು 2019ರಲ್ಲಿ ಮೂರು ಸೀಸನ್ ಆಗಿ ಬಂತು. ಅದನ್ನು ನೋಡಿ ಮುಗಿಸಿದವರೆಲ್ಲ ಕೇಳುವುದು ಒಂದೇ: ಜಪಾನಿ ಭಾಷೆ ಗೊತ್ತಿಲ್ಲದ ನಾವು ಇದರಲ್ಲಿ ಬರುವ ಕರುತಾ ಎಂಬ ಕಾರ್ಡಿನಾಟ ಆಡಬಹುದೇ? ಆಡುವುದಾದರೆ ಕಲಿಯುವುದು ಹೇಗೆ?

ಧಾರಾಳವಾಗಿ ಆಡಬಹುದು. ಭಾಷೆ ಬರಬೇಕೆಂದಿಲ್ಲ. ಹಿರಾಗಾನಾ ಲಿಪಿಯ ಅಕ್ಷರಗಳನ್ನು ತಡವರಿಸದೆ ಓದಲು ಬಂದರೆ, ನೂರು ಪದ್ಯಗಳ ಪೂರ್ವಾರ್ಧ–ಉತ್ತರಾರ್ಧದ ಜೋಡಿ ಬಾಯಿಪಾಠವಾದರೆ ಸಾಕು. ಆದರೆ ಬಹಳ ಜನ ಶುರುವಿನಲ್ಲೇ ದಾರಿ ತಪ್ಪುತ್ತಾರೆ. ಅನಿಮೆಯಲ್ಲಿ ಕಾರ್ಡು ಗೋಡೆಗೆ ಹಾರುವುದನ್ನು ನೋಡಿ ಮೊದಲು ಕೈ ಬೀಸುವುದನ್ನೇ ಅಭ್ಯಾಸ ಮಾಡುತ್ತಾರೆ. ಕರುತಾ ಮೊದಲು ಕಿವಿಯ ಆಟ, ಆಮೇಲೆ ನೆನಪಿನ ಆಟ. ಕೈಯ ಸರದಿ ಕೊನೆಗೆ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

ಆಟ ಏನು, ಚುಟುಕಾಗಿ

ಕಾರ್ಡುಗಳ ಮೇಲಿರುವುದು ‘ಹ್ಯಾಕುನಿನ್ ಇಶ್ಶು’ವಿನ ಪದ್ಯಗಳು. ಹಾಗೆಂದರೆ ನೂರು ಕವಿಗಳ ಒಂದೊಂದು ಪದ್ಯದ ಸಂಕಲನ. 13ನೇ ಶತಮಾನದಲ್ಲಿ ಫುಜಿವಾರಾ ನೊ ತೆಇಕಾ ಆರಿಸಿದ್ದು. ಪ್ರತಿ ಪದ್ಯಕ್ಕೂ ಪೂರ್ವಾರ್ಧ, ಉತ್ತರಾರ್ಧ ಎಂದು ಎರಡು ಭಾಗ. ಓದುವ ಕಾರ್ಡಿನಲ್ಲಿ (ಯೊಮಿಫುದಾ) ಇಡೀ ಪದ್ಯ ಇರುತ್ತದೆ. ನೆಲದ ಮೇಲೆ ಹರಡುವ ಕಾರ್ಡಿನಲ್ಲಿ (ತೊರಿಫುದಾ) ಉತ್ತರಾರ್ಧ ಮಾತ್ರ. ಓದುವವರು ಪೂರ್ವಾರ್ಧ ಶುರು ಮಾಡುತ್ತಿದ್ದಂತೆ ಅದರ ಉತ್ತರಾರ್ಧ ಇರುವ ಕಾರ್ಡನ್ನು ಎದುರಾಳಿಗಿಂತ ಮೊದಲು ಮುಟ್ಟಬೇಕು. ಸ್ಪರ್ಧಾ ಕರುತಾದ ಈಗಿನ ನಿಯಮಗಳಿಗೆ ಬುನಾದಿ ಬಿದ್ದದ್ದು 1904ರಲ್ಲಿ, ಟೋಕಿಯೊದಲ್ಲಿ ಪತ್ರಕರ್ತ ಕುರೊಇವಾ ರುಇಕೊ ನಡೆಸಿದ ಪಂದ್ಯದಿಂದ.

ಬೇಕಾಗುವ ಸಾಮಾನು

ಒಂದು ಸೆಟ್ ಕಾರ್ಡು. ಜಪಾನಿನ ಅಧಿಕೃತ ಪಂದ್ಯಗಳಲ್ಲಿ ಬಳಸುವುದು ಕ್ಯೋತೊದ ಓಇಶಿ ತೆಂಗುದೊ ಸಂಸ್ಥೆಯ ಕಾರ್ಡು. ತರಿಸಿಕೊಳ್ಳಲು ಆಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ: ಸುಮಾರು 5.2 ಸೆಂ.ಮೀ. ಅಗಲ, 7.3 ಸೆಂ.ಮೀ. ಎತ್ತರ. ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು ಗಟ್ಟಿ ರಟ್ಟಿಗೆ ಅಂಟಿಸಿ, ನಾಲ್ಕು ಮೂಲೆಯನ್ನೂ ಕತ್ತರಿಯಲ್ಲಿ ದುಂಡಗೆ ಮಾಡಿ. ಈ ದುಂಡಗೆ ಮಾಡುವ ಕೆಲಸ ಬಿಟ್ಟರೆ ಬೀಸುವಾಗ ಬೆರಳ ತುದಿ ಸೀಳುತ್ತದೆ. ತೆಳು ಕಾಗದದಲ್ಲೇ ಬಿಟ್ಟರೆ ಕಾರ್ಡು ಜಾರುವ ಬದಲು ಮಡಚಿಕೊಳ್ಳುತ್ತದೆ.

ಹಾಸಲು ಚಾಪೆ ಅಥವಾ ಮಂದನೆಯ ಜಮಖಾನೆ. ಬರೀ ಟೈಲ್ಸ್ ನೆಲ ಬೇಡವೇ ಬೇಡ. ಗೆಣ್ಣು ತರಚುತ್ತದೆ, ಮಂಡಿ ನೋಯುತ್ತದೆ. ಓದಿಸಲು ಕಾರ್ಡುಗಳನ್ನು ಅದಲು ಬದಲು ಮಾಡಿ ಓದುವ ಮೊಬೈಲ್ ಆ್ಯಪ್ ಇಟ್ಟುಕೊಳ್ಳಿ. ಓದುವ ಕಾರ್ಡನ್ನು ನೀವೇ ಓದಿ ನೀವೇ ಹುಡುಕಿದರೆ ಕಿವಿಗೆ ಕೆಲಸವೇ ಇರುವುದಿಲ್ಲ.

ಹಂತ 1: ಹಿರಾಗಾನಾ, ಜೊತೆಗೆ ಎರಡು ಹಳೆಯ ಅಕ್ಷರ

ಈಗಿನ ಹಿರಾಗಾನಾದಲ್ಲಿ 46 ಮೂಲ ಅಕ್ಷರ. ತೊರಿಫುದಾದಲ್ಲಿ ಇವುಗಳ ಜೊತೆಗೆ ಈಗ ಬಳಕೆ ತಪ್ಪಿದ ‘ವಿ’ ಮತ್ತು ‘ವೆ’ ಕೂಡ ಬರುತ್ತವೆ. ಈಗ ಇವುಗಳ ಉಚ್ಚಾರ ‘ಇ’, ‘ಎ’. ಇವೆರಡನ್ನು ಬಿಟ್ಟು ಕಲಿತವರು ಮೊದಲ ದಿನವೇ ಕಾರ್ಡಿನ ಮುಂದೆ ತಡೆದು ನಿಲ್ಲುತ್ತಾರೆ.

ಇನ್ನೂ ಎರಡು ತೊಡಕಿದೆ. ಒಂದು, ಸ್ಪರ್ಧೆಯ ಕಾರ್ಡಿನಲ್ಲಿ ಕ–ಗ, ತ–ದ, ಹ–ಬ ವ್ಯತ್ಯಾಸ ತೋರಿಸುವ ಚುಕ್ಕೆಗೆರೆ ಹಾಕಿರುವುದಿಲ್ಲ. ಕಿವಿಗೆ ‘ಗ’ ಕೇಳಿಸಿದರೂ ಕಣ್ಣಿಗೆ ಕಾಣುವುದು ‘ಕ’. ಎರಡು, ಬರಹ ಹಳೆಯ ಕಾಗುಣಿತದ್ದು. ‘ಇನಿಶಿಎ ನೊ’ ಎಂದು ಶುರುವಾಗುವ ಪದ್ಯದ ಕಾರ್ಡನ್ನು ಹತ್ತಿರದಿಂದ ನೋಡಿ: ಅದರ ಮೇಲೆ ಬರೆದಿರುವುದು ‘ಕೆಫು ಕೊಕೊನೊಹೆನಿ ನಿಹೊಹಿನುರು ಕನ’, ಓದುವುದು ‘ಕ್ಯೋ ಕೊಕೊನೊಎ ನಿ ನಿಒಇನುರು ಕನ’. ‘ಕ್ಯೋ’ ಎಂದು ಬರೆದ ಕಾರ್ಡು ಹುಡುಕುತ್ತ ಕುಳಿತರೆ ಆಟದ ಕೊನೆಯವರೆಗೂ ಸಿಗುವುದಿಲ್ಲ. ಹಾಗಾಗಿ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಕಾರ್ಡಿಗೂ ಎರಡು ಸಾಲು ಬರೆಯಿರಿ: ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು. ಇದಕ್ಕೆ ಕನ್ನಡ ಲಿಪಿಯೇ ಸಾಕು.

ಹಂತ 2: ಕಿಮಾರಿಜಿ

ಇಡೀ ಆಟ ನಿಂತಿರುವುದು ಇದರ ಮೇಲೆ. ಇದು ಪದ್ಯ ಯಾವುದೆಂದು ಖಚಿತವಾಗುವ ಮೊದಲ ಕೆಲವು ಅಕ್ಷರ. ಸರಣಿಗೆ ಹೆಸರು ಕೊಟ್ಟ ಅರಿವಾರಾ ನೊ ನಾರಿಹಿರಾನ ಪದ್ಯ ‘ಚಿಹಾಯಾಬುರು’ ಎಂದು ಶುರುವಾಗುತ್ತದೆ. ನೂರರಲ್ಲಿ ‘ಚಿ’ಯಿಂದ ಶುರುವಾಗುವ ಪದ್ಯ ಮೂರೇ: ಇದೊಂದು, ‘ಚಿಗಿರಿಕಿನಾ’ ಇನ್ನೊಂದು, ‘ಚಿಗಿರಿಒಕಿಶಿ’ ಮತ್ತೊಂದು. ಆದ್ದರಿಂದ ‘ಚಿ–ಹಾ’ ಎಂದು ಕೇಳಿದ ಕೂಡಲೇ ಕೈ ಹೋಗಬಹುದು. ಉಳಿದೆರಡಕ್ಕೆ ನಾಲ್ಕನೇ ಅಕ್ಷರದವರೆಗೆ ಕಾಯಬೇಕು.

ನೂರರಲ್ಲಿ ಒಂದೇ ಅಕ್ಷರಕ್ಕೆ ಗೊತ್ತಾಗುವವು 7, ಎರಡಕ್ಕೆ 42, ಮೂರಕ್ಕೆ 37, ನಾಲ್ಕಕ್ಕೆ 6, ಐದಕ್ಕೆ 2, ಆರಕ್ಕೆ 6.

ಪದ್ಯಗಳನ್ನು 1ರಿಂದ 100ರವರೆಗೆ ಸಂಕಲನದ ಕ್ರಮದಲ್ಲಿ ಬಾಯಿಪಾಠ ಮಾಡಬೇಡಿ. ಆ ಕ್ರಮದಿಂದ ಆಟಕ್ಕೆ ಏನೂ ಉಪಯೋಗವಿಲ್ಲ. ಮೊದಲ ಅಕ್ಷರದ ಗುಂಪು ಹಿಡಿದು ಹೋಗಿ:

— ಒಂಟಿ ಕಾರ್ಡು: ಮು, ಸು, ಮೆ, ಫು, ಸ, ಹೊ, ಸೆ. ಒಟ್ಟು 7. ಜಪಾನಿನಲ್ಲೂ ಇದನ್ನು ‘ಮುಸುಮೆಫುಸಹೊಸೆ’ ಎಂದು ಒಂದೇ ಉಸಿರಿನಲ್ಲಿ ಕಲಿಯುತ್ತಾರೆ.
— ಎರಡೆರಡು: ಉ, ತ್ಸು, ಶಿ, ಮೊ, ಯು. ಇಲ್ಲಿಗೆ 17.
— ಮೂರು ಮೂರು: ಇ, ಚಿ, ಹಿ, ಕಿ. 29.
— ನಾಲ್ಕು ನಾಲ್ಕು: ಹ, ಯ, ಯೊ, ಕ. 45.
— ಮಿ ಐದು. 50.
— ತ, ಕೊ ಆರಾರು. 62.
— ಒ, ವ ಏಳೇಳು. 76.
— ನ ಎಂಟು. 84.
— ಅ ಹದಿನಾರು. ಅಲ್ಲಿಗೆ ನೂರು.

ದಿನಕ್ಕೆ ಐದರಂತೆ ಹಿಡಿದರೆ ಇಪ್ಪತ್ತು ದಿನದ ಕೆಲಸ. ‘ಅ’ ಗುಂಪನ್ನು ಮಾತ್ರ ಒಂದೇ ದಿನಕ್ಕೆ ತುರುಕಬೇಡಿ. ಹದಿನಾರೂ ಕಲಸುಮೇಲೋಗರವಾಗಿ, ಬಿಡಿಸಿಕೊಳ್ಳಲು ಕಲಿತದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಕನ್ನಡಿಗರಿಗೆ ವಿಶೇಷವಾಗಿ ಎಡವುವ ಜಾಗವೊಂದಿದೆ: ದೀರ್ಘ ಸ್ವರ. ನಮಗೆ ‘ಯೂ’ ಒಂದು ಅಕ್ಷರ. ಜಪಾನಿ ಎಣಿಕೆಯಲ್ಲಿ ಅದು ‘ಯು–ಉ’, ಎರಡು. ‘ಯು’ ಗುಂಪಿನ ಒಂದು ಕಾರ್ಡು ‘ಯೂ’, ಇನ್ನೊಂದು ‘ಯುರ’. ‘ಒ’ ಗುಂಪಿನಲ್ಲಿ ಇದು ಇನ್ನೂ ಬಿಗಿ: ಮೂರು ಕಾರ್ಡು ‘ಓ’ ಎಂದು ಎಳೆದೇ ಶುರುವಾಗುತ್ತವೆ — ಓಎ, ಓಕೆ, ಓಕೊ. ಎಳೆತ ಕೇಳಿಸಿದ ತಕ್ಷಣ ಹೊರಟರೆ ಮೂರರಲ್ಲಿ ಎರಡು ಸಲ ತಪ್ಪು. ಅದೇ ಗುಂಪಿನಲ್ಲಿ ‘ಒಕು’ ಮತ್ತು ‘ಒಗು’ ಕೂಡ ಇವೆ; ಅಲ್ಲಿ ವ್ಯತ್ಯಾಸ ಬರೀ ಕ–ಗ.

ಹಂತ 3: ಪೂರ್ವಾರ್ಧಕ್ಕೆ ಉತ್ತರಾರ್ಧ ಜೋಡಿಸುವುದು

ಇಡೀ ಪದ್ಯ ಬೇಕಿಲ್ಲ. ಕಿಮಾರಿಜಿ ಕೇಳಿದರೆ ಕಾರ್ಡಿನ ಮೊದಲ ನಾಲ್ಕೈದು ಅಕ್ಷರ ಕಣ್ಣ ಮುಂದೆ ಬರಬೇಕು, ಅಷ್ಟೇ. ಒಂಟಿ ಕಾರ್ಡುಗಳ ಜೋಡಿ ಹೀಗಿದೆ (ಕಿವಿಗೆ ಕೇಳುವಂತೆ):

ಮು (ಮುರಸಮೆ ನೊ) — ಕಿರಿ ತಚಿನೊಬೊರು
ಸು (ಸುಮಿನೊಎ ನೊ) — ಯುಮೆ ನೊ ಕಯೊಇಜಿ
ಮೆ (ಮೆಗುರಿಆಇತೆ) — ಕುಮೊಗಕುರೆನಿಶಿ
ಫು (ಫುಕು ಕರ ನಿ) — ಮುಬೆ ಯಮಕಜೆ ಒ
ಸ (ಸಬಿಶಿಸ ನಿ) — ಇಜುಕೊ ಮೊ ಒನಜಿ
ಹೊ (ಹೊತೊತೊಗಿಸು) — ತದ ಅರಿಅಕೆ ನೊ
ಸೆ (ಸೆ ಒ ಹಯಮಿ) — ವರೆತೆ ಮೊ ಸುಎ ನಿ

ಈ ಏಳರಲ್ಲೇ ಎರಡು ಬಲೆಗಳಿವೆ. ‘ಫು’ ಪದ್ಯದ ಕಾರ್ಡು ‘ಮು’ ಅಕ್ಷರದಿಂದ ಶುರುವಾಗುತ್ತದೆ. ‘ಮು’ ಎಂದು ಓದಿದಾಗ ಕಣ್ಣು ತಾನಾಗಿ ಅತ್ತ ಓಡುತ್ತದೆ. ಬೇಕಾದ ಕಾರ್ಡು ‘ಕಿರಿ’ ಎಂದು ಶುರುವಾಗುವುದು. ಇನ್ನು ‘ಮು’ ಮತ್ತು ‘ಸ’ ಎರಡರ ಕಾರ್ಡೂ ‘ಅಕಿ ನೊ ಯೂಗುರೆ’ ಎಂದೇ ಮುಗಿಯುತ್ತವೆ. ಹಾಗಾಗಿ ಕೊನೆಯ ಸಾಲು ನೋಡಿ ಗುರುತು ಹಿಡಿಯುವ ಅಭ್ಯಾಸ ಬೇಡ. ಕಾರ್ಡಿನಲ್ಲಿ ಅಕ್ಷರಗಳು ಮೇಲಿನಿಂದ ಕೆಳಗೆ, ಮೂರು ಕಂಬಸಾಲಿನಲ್ಲಿ, ಬಲದಿಂದ ಎಡಕ್ಕೆ ಇರುತ್ತವೆ. ಕಣ್ಣು ಬೀಳಬೇಕಾದ್ದು ಬಲಗಡೆಯ ಸಾಲಿನ ಮೇಲೆ.

ಶುರುವೇ ಒಂದೇ ಆಗಿರುವ ಕಾರ್ಡುಗಳೂ ಇವೆ. ‘ಅಕಿ ನೊ’ ಮತ್ತು ‘ಕಿಮಿ ಗ ತಮೆ ಹ’ ಎರಡರ ಕಾರ್ಡೂ ‘ವಕಕೊರೊಮೊತೆ’ ಎಂದು ಶುರುವಾಗುತ್ತವೆ. ಏಳನೇ ಅಕ್ಷರದಲ್ಲಿ ಮಾತ್ರ ಬೇರೆ: ಮೊದಲನೆಯದಕ್ಕೆ ‘ಹ’, ಎರಡನೆಯದಕ್ಕೆ ‘ನಿ’. ಇಂಥ ಜೋಡಿಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ನೆನಪಿಗೆ ಅಡ್ಡದಾರಿಗಳನ್ನು ಸಂಕೋಚವಿಲ್ಲದೆ ಬಳಸಿ. ಜಪಾನಿ ಮಕ್ಕಳು ‘ಉಕ’ ಪದ್ಯಕ್ಕೆ ‘ಉಕ್ಕರಿ ಹಗೆ’ ಎಂದು ಕಲಿಯುತ್ತಾರೆ, ಏಕೆಂದರೆ ಅದರ ಉತ್ತರಾರ್ಧ ‘ಹಗೆಶಿಕರೆ’ ಎಂದು ಶುರು. ನಿಮ್ಮದೇ ಕನ್ನಡ ಕೊಂಡಿ ಹೊಳೆದರೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಹಂತ 4: ಸಣ್ಣ ಆಟ

ನೂರೂ ಬರುವವರೆಗೆ ಕಾಯಬೇಡಿ. 17 ಕಾರ್ಡು ಬಂದ ದಿನವೇ ಆ 17ನ್ನು ಹರಡಿ, ಆ್ಯಪ್‌ನಲ್ಲಿ ಅವನ್ನಷ್ಟೇ ಓದಿಸಿ ಒಬ್ಬರೇ ಆಡಿ. ಮರುದಿನ ಅವೇ ಕಾರ್ಡುಗಳನ್ನು ತಲೆಕೆಳಗಾಗಿ ಇಟ್ಟು ಆಡಿ. ನಿಜವಾದ ಆಟದಲ್ಲಿ ಎದುರಾಳಿಯ 25 ಕಾರ್ಡೂ ನಿಮಗೆ ತಲೆಕೆಳಗಾಗಿಯೇ ಕಾಣುತ್ತವೆ. ಇದನ್ನು ಬಿಟ್ಟವರು ತಮ್ಮ ಅಂಗಳ (ತಮ್ಮ ಮುಂದೆ ಹರಡಿದ ಕಾರ್ಡುಗಳ ಜಾಗ) ಮಾತ್ರ ಕಾಯುವ ಆಟಗಾರರಾಗಿ ಉಳಿದುಬಿಡುತ್ತಾರೆ.

ಹಂತ 5: ಜೋಡಣೆ ಮತ್ತು 15 ನಿಮಿಷ

ನೂರು ಕಾರ್ಡು ಬೋರಲು ಹಾಕಿ ಕಲಸಿ. ಒಬ್ಬೊಬ್ಬರು 25 ತೆಗೆದುಕೊಳ್ಳಿ, ಉಳಿದ 50 ಎತ್ತಿಡಿ. ಪ್ರತಿಯೊಬ್ಬರ ಅಂಗಳ 87 ಸೆಂ.ಮೀ. ಅಗಲ, ಮೂರು ಸಾಲು. ಸಾಲುಗಳ ನಡುವೆ 1 ಸೆಂ.ಮೀ., ಎರಡು ಅಂಗಳಗಳ ನಡುವೆ 3 ಸೆಂ.ಮೀ. ಜಾಗ. ಮೊದಮೊದಲು ಚಾಪೆಯ ಮೇಲೆ ಟೇಪ್ ಅಂಟಿಸಿ ಅಳತೆ ಮಾಡಿಕೊಳ್ಳಿ. ಅಗಲ ತಪ್ಪಿದರೆ ಕೈಗೆ ತಪ್ಪು ದೂರವೇ ರೂಢಿಯಾಗುತ್ತದೆ. ಕಾರ್ಡುಗಳನ್ನು ಎಡ–ಬಲ ಎಂದು ಎರಡು ಗುಂಪಾಗಿ ಎರಡು ತುದಿಗೆ ಸೇರಿಸಿ, ನಡುವೆ ಖಾಲಿ ಬಿಡಿ.

ಯಾವ ಕಾರ್ಡಿಗೆ ಯಾವ ಜಾಗ ಎಂದು ನೂರಕ್ಕೂ ಒಮ್ಮೆ ನಿರ್ಧರಿಸಿ, ಪ್ರತಿ ಆಟದಲ್ಲೂ ಅದನ್ನೇ ಪಾಲಿಸಿ. ಜಾಗ ಸ್ಥಿರವಾಗಿದ್ದರೆ ನೆನಪಿಡಬೇಕಾದ್ದು ಅರ್ಧಕ್ಕರ್ಧ ಕಡಿಮೆ. ಶುರುವಿನಲ್ಲಿ ಇಷ್ಟು ಸಾಕು: ಒಂದೇ ಅಕ್ಷರದಿಂದ ಶುರುವಾಗುವ ಕಾರ್ಡುಗಳನ್ನು ಎಡ–ಬಲಕ್ಕೆ ಹಂಚಿ, ಚೆನ್ನಾಗಿ ಬರುವ ಕಾರ್ಡುಗಳನ್ನು ನಿಮಗೆ ಹತ್ತಿರದ ಸಾಲಿನಲ್ಲಿಡಿ.

ಆಮೇಲೆ 15 ನಿಮಿಷ ಕಂಠಪಾಠ. ಈ ಹೊತ್ತಿನಲ್ಲಿ 50 ಕಾರ್ಡಿನ ಜಾಗ ತಲೆಯಲ್ಲಿ ಕೂರಬೇಕು. ಸಾಲು ಸಾಲಾಗಿ ಓದುವುದಕ್ಕಿಂತ ಧ್ವನಿಯ ಗುಂಪು ಹಿಡಿದು ಹುಡುಕುವುದು ಒಳ್ಳೆಯದು: ‘ತ’ ಎಷ್ಟಿವೆ, ಎಲ್ಲೆಲ್ಲಿವೆ, ನನ್ನ ಕಡೆ ಯಾವುದು, ಅತ್ತ ಯಾವುದು. ಕೊನೆಯ 2 ನಿಮಿಷ ಕೈ ಬೀಸಿ ಅಭ್ಯಾಸ ಮಾಡಲು ಅವಕಾಶವಿದೆ.

ಹಂತ 6: ಓದು ಮತ್ತು ಹಿಡಿತ

ಮೊದಲು ನೂರರಲ್ಲಿಲ್ಲದ ಒಂದು ಪದ್ಯ ಓದುತ್ತಾರೆ, ‘ನಾನಿವಾಜು ನಿ’ ಎಂದು ಶುರುವಾಗುವುದು. ಕಿವಿಯನ್ನು ಓದುವವರ ಧ್ವನಿಗೆ ಹೊಂದಿಸಿಕೊಳ್ಳಲು ಅದೇ ಸಮಯ. ಆಮೇಲಿನ ಕ್ರಮ ಹೀಗೆ: ಹಿಂದಿನ ಪದ್ಯದ ಉತ್ತರಾರ್ಧ, ಅದರ ಕೊನೆಯ ಸ್ವರದ ಎಳೆತ ಸುಮಾರು 3 ಸೆಕೆಂಡ್, 1 ಸೆಕೆಂಡ್ ಮೌನ, ಕೂಡಲೇ ಹೊಸ ಪದ್ಯದ ಪೂರ್ವಾರ್ಧ. ಆ ಒಂದು ಸೆಕೆಂಡಿನಲ್ಲಿ ಉಸಿರು ಕೂಡ ಸದ್ದು ಮಾಡಬಾರದು.

ಓದಿದ ಕಾರ್ಡನ್ನು ಮೊದಲು ಮುಟ್ಟಿದವರಿಗೆ, ಅಥವಾ ಅಂಗಳದಿಂದ ಪೂರ್ತಿ ಹೊರಗೆ ತಳ್ಳಿದವರಿಗೆ ಅದು ಸಲ್ಲುತ್ತದೆ. ಪಕ್ಕದ ಕಾರ್ಡುಗಳ ಸಮೇತ ಗುಡಿಸಿ ಹೊರಹಾಕುವುದು ನಿಯಮಬದ್ಧ. ಇಬ್ಬರೂ ಒಟ್ಟಿಗೆ ಮುಟ್ಟಿದರೆ ಯಾರ ಅಂಗಳದಲ್ಲಿ ಕಾರ್ಡು ಇತ್ತೋ ಅವರಿಗೆ. ಆಟದುದ್ದಕ್ಕೂ ಒಂದೇ ಕೈ ಬಳಸಬೇಕು. ಬಲಗೈ ಎಂದು ಶುರು ಮಾಡಿದರೆ ಕೊನೆಯವರೆಗೂ ಬಲಗೈಯೇ.

ನಿಮ್ಮ ಅಂಗಳದ ಕಾರ್ಡು ಹಿಡಿದರೆ ನಿಮ್ಮದು ಒಂದು ಕಡಿಮೆಯಾಯಿತು. ಎದುರಾಳಿಯ ಅಂಗಳದ್ದು ಹಿಡಿದರೆ ನಿಮ್ಮಿಂದ ಒಂದನ್ನು ಅತ್ತ ಕಳಿಸುತ್ತೀರಿ (ಒಕುರಿಫುದಾ). ಮೊದಲು 25ನ್ನೂ ಖಾಲಿ ಮಾಡಿದವರು ಗೆದ್ದರು. ಒಂದು ಆಟಕ್ಕೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ.

ಹಂತ 7: ತಪ್ಪು ಮುಟ್ಟು

ಎತ್ತಿಟ್ಟ 50 ಪದ್ಯಗಳನ್ನೂ ಓದುತ್ತಾರೆ. ಅವು ಕರಾಫುದಾ, ಅಂದರೆ ನೆಲದ ಮೇಲಿಲ್ಲದ ಕಾರ್ಡು. ಆಗ ಯಾವ ಕಾರ್ಡನ್ನೂ ಮುಟ್ಟಬಾರದು. ತಪ್ಪು ಮುಟ್ಟಿಗೆ ಒತೆತ್ಸುಕಿ ಎನ್ನುತ್ತಾರೆ. ದಂಡವಾಗಿ ಎದುರಾಳಿ ನಿಮಗೊಂದು ಕಾರ್ಡು ಕಳಿಸುತ್ತಾರೆ.

ಬಹಳ ಜನ ತಪ್ಪಾಗಿ ತಿಳಿದಿರುವ ಸಂಗತಿ ಇಲ್ಲಿದೆ. ಓದಿದ ಕಾರ್ಡು ಇರುವ ಅಂಗಳದಲ್ಲೇ ಬೇರೊಂದು ಕಾರ್ಡು ಮುಟ್ಟಿದರೆ ತಪ್ಪಲ್ಲ. ಕಾರ್ಡು ಎದುರಾಳಿಯ ಅಂಗಳದಲ್ಲಿದ್ದು ನೀವು ನಿಮ್ಮ ಅಂಗಳ ಮುಟ್ಟಿದರೆ, ಅಥವಾ ಅದಕ್ಕೆ ತಿರುಗುಮುರುಗಾದರೆ, ತಪ್ಪು. ಅತಿ ದುಬಾರಿ ಸಂದರ್ಭವೆಂದರೆ ನಿಮ್ಮ ಅಂಗಳದ ಕಾರ್ಡನ್ನು ಎದುರಾಳಿ ಹಿಡಿದಾಗ ನೀವು ಅವರ ಅಂಗಳ ಮುಟ್ಟುವುದು. ಆಗ ಎರಡು ಕಾರ್ಡು ನಿಮ್ಮ ಕಡೆ ಬರುತ್ತವೆ. ಆದ್ದರಿಂದ ಹೊಸಬರು ಅನುಮಾನವಿದ್ದಾಗ ಕೈ ಎತ್ತದಿರುವುದೇ ಲಾಭ.

ಇದರಿಂದಲೇ ಒಂದು ಉಪಾಯವೂ ಹುಟ್ಟುತ್ತದೆ. ‘ಚಿಗಿರಿಕಿ’, ‘ಚಿಗಿರಿಒ’ ಎರಡೂ ಒಂದೇ ಅಂಗಳದಲ್ಲಿದ್ದರೆ ನಾಲ್ಕನೇ ಅಕ್ಷರಕ್ಕೆ ಕಾಯದೆ ‘ಚಿಗಿ’ ಕೇಳುತ್ತಿದ್ದಂತೆ ಎರಡನ್ನೂ ಗುಡಿಸಬಹುದು. ಎದುರಾಳಿಗೆ ಈ ಅನುಕೂಲ ತಪ್ಪಿಸಬೇಕಾದರೆ ಕಳಿಸುವ ಸರದಿ ಬಂದಾಗ ಅವೆರಡರಲ್ಲಿ ಒಂದನ್ನು ಅತ್ತ ಕಳಿಸಿ.

ಹಂತ 8: ಬದಲಾಗುವ ಕಿಮಾರಿಜಿ

ಆಟ ಸಾಗಿದಂತೆ ಕಿಮಾರಿಜಿ ಚಿಕ್ಕದಾಗುತ್ತ ಹೋಗುತ್ತದೆ. ‘ಚಿಗಿರಿಒ’ ಓದಿಯಾಗಿದ್ದರೆ ‘ಚಿಗಿರಿಕಿ’ಗೆ ‘ಚಿಗಿ’ ಸಾಕು. ‘ಚಿಹಾ’ ಕೂಡ ಓದಿಯಾಗಿದ್ದರೆ ಬರೀ ‘ಚಿ’ ಸಾಕು. ಅನುಭವಿಗಳು ಹೊಸಬರನ್ನು ಸೋಲಿಸುವುದು ಹೆಚ್ಚಾಗಿ ಇಲ್ಲಿಯೇ, ಕೈಯ ವೇಗದಿಂದಲ್ಲ.

ಇಲ್ಲೊಂದು ದೊಡ್ಡ ಎಚ್ಚರಿಕೆ: ಲೆಕ್ಕಕ್ಕೆ ಬರುವುದು ಓದಿದ ಕಾರ್ಡು ಮಾತ್ರ. ‘ಚಿಹಾ’ ನೆಲದ ಮೇಲಿಲ್ಲ ಎಂದಮಾತ್ರಕ್ಕೆ ‘ಚಿ’ಗೆ ಹೊರಡಬೇಡಿ. ಅದು ಎತ್ತಿಟ್ಟ ಐವತ್ತರಲ್ಲಿ ಇನ್ನೂ ಕಾದು ಕುಳಿತಿರಬಹುದು. ಹೊಸಬರ ತಪ್ಪು ಮುಟ್ಟುಗಳಲ್ಲಿ ಬಹುಪಾಲು ಈ ಲೆಕ್ಕ ತಪ್ಪಿದ್ದರಿಂದಲೇ ಆಗುತ್ತವೆ. ಅಭ್ಯಾಸದ ಆಟದಲ್ಲಿ ಪ್ರತಿ ಹತ್ತು ಓದಿಗೊಮ್ಮೆ ನಿಲ್ಲಿಸಿ, ‘ಈಗ ಯಾವ್ಯಾವುದು ಚಿಕ್ಕದಾಯಿತು?’ ಎಂದು ಬಾಯಿಬಿಟ್ಟು ಹೇಳಿ. ಎರಡನೇ ಆಟಗಾರರೂ ಹೇಳಲಿ. ಇಬ್ಬರ ಲೆಕ್ಕ ಕೂಡದಿದ್ದರೆ ಓದಿದ ಕಾರ್ಡುಗಳ ರಾಶಿ ತೆಗೆದು ನೋಡಿ.

ಹಂತ 9: ಈಗ ಕೈ

ಬೆರಳು ಜೋಡಿಸಿ, ಅಂಗೈ ನೆಲಕ್ಕೆ ಸಮಾನಾಂತರವಾಗಿ, ನೆಲದಿಂದ ಸ್ವಲ್ಪವೇ ಮೇಲೆ. ಮೇಲೆತ್ತಿ ಕೆಳಗೆ ಬಡಿಯುವುದಲ್ಲ. ಪಕ್ಕಕ್ಕೆ, ನೇರ ಗೆರೆಯಲ್ಲಿ ಗುಡಿಸುವುದು. ಎತ್ತಿ ಬಡಿದರೆ ದೂರವೂ ಹೆಚ್ಚು, ಉಗುರೂ ಮುರಿಯುತ್ತದೆ. ಉಗುರು ಕತ್ತರಿಸಿ, ಉಂಗುರ, ವಾಚು ತೆಗೆದಿಡಿ. ನಿಧಾನವಾಗಿ ನೂರು ಸಲ ಸರಿಯಾಗಿ ಮಾಡಿದ ಮೇಲೆ ವೇಗ ಹೆಚ್ಚಿಸಿ.

ಜೊತೆ ಯಾರು?

ಬೆಂಗಳೂರಿನವರಾದರೆ ಜಪಾನಿ ಭಾಷೆ ಕಲಿಯುವವರನ್ನು ಕೇಳಿ ನೋಡಿ. ಜಪಾನ್ ಹಬ್ಬದಲ್ಲಿ ಅಂಥವರು ಒಟ್ಟಿಗೆ ಸಿಗುತ್ತಾರೆ. ಜಪಾನಿಗೆ ಹೋಗುವವರು ಶಿಗಾ ಪ್ರಾಂತ್ಯದ ಓತ್ಸುವಿನಲ್ಲಿರುವ ಓಮಿ ದೇಗುಲ ನೋಡಿ ಬನ್ನಿ. ಸಂಕಲನದ ಮೊದಲ ಪದ್ಯದ ಕವಿ ಎನ್ನಲಾದ ಚಕ್ರವರ್ತಿ ತೆಂಜಿಗೆ ಮುಡಿಪಾದ ಜಾಗ ಅದು. ಈ ಆಟದ ಅತ್ಯುನ್ನತ ಪಟ್ಟಗಳಾದ ಮೆಇಜಿನ್ ಮತ್ತು ಕ್ವೀನ್‌ಗಾಗಿ ನಡೆಯುವ ಪಂದ್ಯಗಳು ಜನವರಿಯಲ್ಲಿ, ಹೈಸ್ಕೂಲು ರಾಷ್ಟ್ರೀಯ ಪಂದ್ಯ ಜುಲೈನಲ್ಲಿ ಅಲ್ಲೇ ನಡೆಯುತ್ತವೆ.

ಜೊತೆ ಸಿಗದಿದ್ದರೆ ಒಬ್ಬರೇ ಎರಡೂ ಅಂಗಳ ಹರಡಿ ಆಡಿ. ಆಟ ಮುಗಿದ ಮೇಲೆ ಎರಡು ಕೆಲಸ ಮರೆಯಬೇಡಿ: ತಡವಾದ ಮತ್ತು ತಪ್ಪಿದ ಕಾರ್ಡುಗಳ ಕಿಮಾರಿಜಿ ಬರೆದಿಟ್ಟು ಮರುದಿನ ಅವನ್ನೇ ಮೊದಲು ಓದಿಸಿ, ಎತ್ತಿಡುವ ಮುಂಚೆ ನೂರು ಕಾರ್ಡು ಎಣಿಸಿ. ಗುಡಿಸಿದ ಕಾರ್ಡು ಸೋಫಾದಡಿ ಸೇರಿರುತ್ತದೆ, ಒಂದು ಕಳೆದರೂ ಆ ಸೆಟ್‌ನಲ್ಲಿ ಸರಿಯಾದ ಆಟ ನಡೆಯುವುದಿಲ್ಲ.